ಉಪ್ಪಿನ ಗಣ್ಯಾಗ ನಿಂತ ಫರಿ

ರಾಮದುರ್ಗ
10 ಆಗಸ್ಟ್ 2025

ನನ್ನ ಮೊಮ್ಮಗಳು ಫರೀನಗ,

ಅಜ್ಜ ಖಾಸಿಮಸಾಬನ ಸಲಾಮು, ಅಜ್ಜಿ ಶರೀಫಾಬಿಯ ಮುತ್ತು. ಈ ಲಕೋಟಿ ನಿನಗಿಂತ ಮೊದಲ ಒಡೆಯೋ ವಾರ್ಡನ್ ದುರ್ಗಾ ಮೇಡಂ ಅವರಿಗೂ ನಮಸ್ಕಾರ್ರಿ. ಓದ್ರಿ, ನಮ್ಮದೇನೂ ಗುಟ್ಟಿಲ್ಲ. ಅಕ್ಷರ ಸೊಟ್ಟ ಅದಾವು, ಅಷ್ಟಕ್ಕ ಮಾಫಿ ಇರಲಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಾಂವ ನಾ.

ಕಿತ್ತೂರಿನ ಕೋಚಿಂಗ್ ಹಾಸ್ಟೆಲಿನಾಗ ಫೋನ್ ಕಸಗೊಂಡು ಇಟಗೋತಾರ ಅಂತ ಕೇಳಿ ಬೈಲಹೊಂಗಲದಾಗ ನಿಮ್ಮವ್ವ ಫಿರದೋಸ್ ಅತ್ತಳಂತ. ನಾ ಅಂದೆ, ಅಳೂದ್ಯಾಕ ಬೇ, ಅಂಚಿ ಇನ್ನೂ ಬದುಕೇತಿ. ಡಾಕ್ಟರ್ ಪರೀಕ್ಷಾದ ಮೂರನೇ ವರ್ಷ ಇದು, ಕಡೀ ವರ್ಷ, ಕಣ್ಣಮುಚ್ಚಿ ತಗಿಯೋದರಾಗ ಮುಗೀತದ.

ನೀ ಹೋಗೋ ಮುಂದ ಬಸ್ಸಿನ ಕಿಡಕ್ಯಾಗಿಂದ ಅಂದಿದ್ದಿ, "ಅಜ್ಜಾ, ಯಾರೂ ಒಪ್ಪದ ನಿಮ್ಮ ಮಾತೆಲ್ಲಾ ಬರದು ಕಳಸ್ರಿ. ಅಲ್ಲಿ ನಗಾಕ ಬೇಕು." ಅದಕ್ಕ ಈ ಪತ್ರ. ನಲವತ್ತು ವರ್ಷ ಟಿವಿ, ಹಳೇ ವಿಡಿಯೋ ಗೇಮ್ ರಿಪೇರಿ ಮಾಡಿ ಗಳಿಸಿದ್ದು ಇವು ನಾಕ ಮಾತು, ಮತ್ತ ಬೈಗುಳ.

ಮೊದಲನೇದು. ವಿಡಿಯೋ ಗೇಮಿನ ಕ್ಯಾಸೆಟ್ಟಿಗೆ ಊದಬಾರದು. ಇದನ್ನ ಅಂದಿದ್ದಕ್ಕ ಬಾಜೂ ಅಂಗಡಿ ಟೇಲರ್ ನಿಜಗುಣಪ್ಪ ಮೂರು ದಿನ ನನ್ನ ಕೂಡ ಚಹಾ ಕುಡೀಲಿಲ್ಲ. "ಊದಿದ ಮ್ಯಾಲನ ಚಾಲೂ ಆಗತಿತ್ತಲ್ಲೋ ಖಾಸಿಮಾ?" ಅಂದ. "ಹೊಳ್ಳಿ ತಗದು ಹಾಕಿದ್ದಕ್ಕ ಚಾಲೂ ಆಗತಿತ್ತೋ ಮಾರಾಯಾ. ನಿನ್ನ ಉಗುಳ ಹತ್ತಿ ಪಿನ್ನು ಹಸರ ಆಗತಾವು, ಅವನ್ನ ತಿಕ್ಕಾಕ ನಾನ ಬೇಕು," ಅಂದೆ.

ಎರಡನೇದು. ಹಳೇ ಮಷೀನು ಈಗಿನಕಿಂತ ಚೊಲೊ ಇದ್ದಿಲ್ಲ. ನಲವತ್ತು ದಾಟಿದ ಗಂಡಸರು ಅಂಗಡಿಗೆ ಬರತಾರ, "ಆ ಕಾಲದ ಮಜಾನ ಬ್ಯಾರೆ" ಅಂತ ಕಣ್ಣ ಒರಸಿಕೋತಾರ. ಜೋಡಿಸಿ ಕೊಡತೇನಿ. ಹತ್ತು ನಿಮಿಷ ಆಡಿ ಮಾರಿ ಸಣ್ಣದು ಮಾಡತಾರ. "ಇಷ್ಟ ಇತ್ತೇನ್ರಿ ಇದು?" ಇಷ್ಟ ಇತ್ರೀ ಯಜಮಾನ್ರ, ನಿಮಗ ಆವಾಗ ಹನ್ನೆರಡು ವರ್ಷ ಇತ್ತು.

ಮೂರನೇದು ನಿಮ್ಮ ಮಂದಿ ಆರ್‌ಪಿಜಿ ಅನ್ನೋ, ನಾವ ಒಂದು ಪಾತ್ರ ಆಗಿ ಊರೂರು ಅಲದು ಬಲಾ ಗಳಸೋ ಆಟದ್ದು. ನನ್ನ ತಮ್ಮ ಫಾರೂಕ್ ಶಾರ್ಜಾದಿಂದ ತಂದ ಏಳು ದ್ವೀಪದ ಆಟ ನೆನಪೈತಲ್ಲ? ಡಿಕ್ಷನರಿ ತೊಡಿ ಮ್ಯಾಲ ಇಟಗೊಂಡು ಅದನ್ನ ಆಡಿ ಆಡಿನ ನಾ ಇಂಗ್ಲಿಷ್ ಕಲತದ್ದು. ಅದರಾಗಿನ ರಾಜನ ಕತಿ ನನಗ ಸೇರೂದಿಲ್ಲ. ಮನ್ಯಾಗ ನೂರು ಸೈನಿಕರನ್ನ ಇಟಗೊಂಡು ರಾಜ ಒಂದು ಸಣ್ಣ ಹುಡುಗಿ ಕೈಯಾಗ ಕಟಗಿ ಕೊಟ್ಟು ಲೋಕಾ ಉಳಸು ಅಂತಾನ. ಅವಗ ನಾಚಿಕಿ ಬ್ಯಾಡ? ನನಗ ಸೇರೂದು ಎಲ್ಲಾರೂ ಬ್ಯಾಸರಾ ಅನ್ನೋ ಕೆಲಸ. ಇಲಿ ಹೊಡಿ, ಒಂದು ಪಾಯಿಂಟು. ಮತ್ತ ಇಲಿ ಹೊಡಿ, ಮತ್ತೊಂದು ಪಾಯಿಂಟು. ಬಲಾ ಬರೂತನಾ ಹೊಡಿ. ಇಡೀ ಆಟದಾಗ ಸುಳ್ಳಿಲ್ಲದ್ದು ಅದೊಂದ. ಮತ್ತ ಆ ಊರ ಮಂದಿ! ಬಾವಿಕಟ್ಟಿ ಮುದುಕಿ ನೂರು ಸಲ ಕೇಳಿದ್ರೂ "ಬಾವಿ ಬತ್ತೇತಿ" ಅಂತಾಳ. ನಿಮ್ಮಜ್ಜಿ ಹಂಗ, ಏನ ಕೇಳು, "ಊಟಾ ಆತೇನು?"

ಊಟಾ ಆತೇನು?

ನಿನ್ನ ಅಜ್ಜ


ಕಿತ್ತೂರು
23 ಆಗಸ್ಟ್ 2025

ಅಜ್ಜಾ, ಸಲಾಮ್.

ನಾ ಆರಾಮ ಅದೇನಿ. ಪತ್ರ ಓದಿ ಮುದ್ರಿ ಒತ್ತಿ ಕೊಟ್ರು. ಕ್ಯಾಸೆಟ್ಟಿಗೆ ಊದೋ ಸಾಲಿನ ಕೆಳಗ ಪೆನ್ಸಿಲಿನ ಗೆರಿ ಇತ್ತು. ಮೇಡಂ ಅವರೂ ಸಣ್ಣಾಕಿದ್ದಾಗ ಊದತಿದ್ರಂತ ಕಾಣತದ.

ಇಲಿ ಹೊಡಿಯೋದು ಖರೆ ಅಂತೀರಿ, ನಾ ಒಪ್ಪೂದಿಲ್ಲ. ನಾಕನೂರು ಇಲಿ ಹೊಡದವರಿಗೆ ಬಲಾ ಬರೋ ಹಂಗ ಯಾರೋ ಲೆಕ್ಕಾ ಬರದಿಟ್ಟಾರ, ಅದಕ್ಕ ಬರತದ. ಬರದ ಇಟ್ಟಿಲ್ಲಂದ್ರ ನಾಕ ಸಾವಿರ ಹೊಡದ್ರೂ ಇಲ್ಲ. ಅದರಾಗ ನಮ್ಮ ದುಡಿಮಿ ಏನೈತಿ?

ನಂದೂ ಎರಡು ಕೇಳ್ರಿ. ಒಂದು, ಅರ್ಧಕ್ಕ ಬಿಟ್ಟ ಆಟಾನೂ ಆಡಿದ ಆಟಾನ. ಮುಗಿಸಿದವರಷ್ಟ ಮಾತಾಡಬೇಕು ಅಂತ ಎಲ್ಲಾರೂ ಅಂತಾರ. ಬಿಟ್ಟವರಿಗೆ ಯಾಕ ಬಿಟ್ಟೆ ಅಂತ ಗೊತ್ತಿರತದ, ಅದನ್ನ ಯಾರೂ ಕೇಳೂದಿಲ್ಲ. ಇನ್ನೊಂದು, ಆ ಆಟದಾಗ ನನಗ ಸೇರೂದು ರಾಕ್ಷಸ. ಲೋಕ ಮೂರು ದಿನದಾಗ ಮುಳಗತೇತಿ ಅಂತ ರಾಜ ಅಳತಾನ, ನಾವು ಮೂವತ್ತು ದಿನ ಮೀನ ಹಿಡಕೋತ ಕುಂತ್ರೂ ರಾಕ್ಷಸ ಸುಮ್ನ ಕಾಯ್ತಾನ. ಅಂಥಾ ಒಳ್ಳೆ ಮನಷ್ಯಾನ್ನ ಎಲ್ಲೂ ನೋಡಿಲ್ಲ. ಇಲ್ಲಿ ಗ್ವಾಡಿ ಮ್ಯಾಲ ಪರೀಕ್ಷಾಕ್ಕ ಉಳದ ದಿನಾ ಎಣಸೋ ಬೋರ್ಡ್ ಐತಿ. ಇವತ್ತ 253. ನಾವು ನಿಂತ್ರೂ ಅದು ಇಳೀತೈತಿ.

ಅಜ್ಜಿಗೆ ಊಟಾ ಆತು ಅಂತ ಹೇಳ್ರಿ. ನಾ ಆರಾಮ ಅದೇನಿ.

ಫರೀನ್


ರಾಮದುರ್ಗ
2 ಸೆಪ್ಟೆಂಬರ್ 2025

ಮುದ್ದು ಫರೀನಗ, ಮತ್ತ ದುರ್ಗಾ ಮೇಡಂ ಅವರಿಗೆ,

ನೀ ಎರಡು ಸಲ ಆರಾಮ ಅಂತ ಬರದಿದ್ದಿ. ನಿಮ್ಮಜ್ಜಿಗೆ ಎರಡು ಸಲ ಓದಿ ಹೇಳಿದೆ, ಎರಡು ಸಲ ಖುಷಿ ಆದಳು.

ಇವತ್ತಿನ ಸುದ್ದಿ ದೊಡ್ಡದು. ನಮ್ಮ ಏಳು ದ್ವೀಪದ ಕ್ಯಾಸೆಟ್ಟಿಗೆ ಆಪರೇಶನ್ ಮಾಡಿದೆ. ಅದರ ಹೊಟ್ಟ್ಯಾಗ ಗಡಿಯಾರದ್ದರಂಥಾ ಒಂದು ದುಂಡು ಬ್ಯಾಟರಿ ಇರತೇತಿ. ಆಟ ಎಲ್ಲಿ ಉಳಿಸಿಟ್ಟಿವೋ ಆ ನೆನಪು ಬ್ಯಾಟರಿ ಇರೂತನಾ ಅಷ್ಟ. ಬ್ಯಾಟರಿ ಸತ್ರ ನೆನಪೂ ಹ್ವಾತು. ಬ್ಯಾಟರಿ ಬದಲ ಮಾಡಾಕ ಹಳೇದು ಕಿತ್ರೂ ಹ್ವಾತು. ಮಂದಿ ಕಿತ್ತು ಹೊಸಾದು ಹಾಕಿ ಹೊಸದಾಗಿ ಸುರು ಮಾಡತಾರ. ನಾ ಹಂಗ ಮಾಡಲಿಲ್ಲ. ಹಳೇದರ ಬಗಲಾಗ ಹೊಸಾದನ್ನ ಕೂಡಿಸಿ, ಎರಡೂ ಜೀವಂತ ಇದ್ದಾಗ ತಂತಿ ಬೆಸದು, ಆಮ್ಯಾಲ ಹಳೇದನ್ನ ಬಿಡಿಸಿದೆ. ಬೆಸುಗಿ ಆರಬಾರದಂತ ನಿಮ್ಮಜ್ಜಿ ಫ್ಯಾನ್ ಬಂದ್ ಮಾಡಿ ಉಸಿರ ಹಿಡದು ನಿಂತಿದ್ಲು. "ಕೈ ನಡಗಿಸಬ್ಯಾಡ್ರಿ, ಒಳಗ ಹುಡುಗಿ ಅದಾಳ," ಅಂದಳು.

ಚಾಲೂ ಮಾಡಿದೆ. ನಿಂತಾಳ! ನೀ ಹನ್ನೆರಡು ವರ್ಷದಾಕಿ ಇದ್ದಾಗ ಬಿಟ್ಟ ಹುಡುಗಿ. ಹೆಸರಿಗೆ ಇಂಗ್ಲಿಷಿನ ನಾಕ ಅಕ್ಷರಕ್ಕಷ್ಟ ಜಾಗ ಇತ್ತಂತ ಫರೀನ್ ಹೋಗಿ ಫರಿ ಆಗಿದ್ದಿ. ನೆನಪೈತೇನು? ಉಪ್ಪಿನ ಗಣ್ಯಾಗ ಹೊಕ್ಕಿ, ಹಿಂದಿನ ಬಾಗಲಾ ಬಿತ್ತು, ಮುಂದಿನ ಬಾಗಲಕ್ಕ ಒಬ್ಬ ಕಾವಲುಗಾರ, ಒಂದ ಏಟಿಗೆ ಕೊಲ್ಲಾಂವ. ಹೆಜ್ಜಿಗೊಮ್ಮೆ ಉಳಸು ಅಂತ ನಾ ಕಲಿಸಿದ್ದೆನಲ್ಲ, ನೀ ಒಳಗ ಹೊಕ್ಕ ಮ್ಯಾಲ ಉಳಿಸಿಬಿಟ್ಟಿ. ಉಳಸಾಕ ಇದ್ದದ್ದ ಒಂದ ಜಾಗ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎಷ್ಟ ಅತ್ತಿದ್ದಿ. "ಅಳಿಸಿ ಹೊಸಾದು ಆಡೂಣ," ಅಂದಿದ್ದಿ. ನಾ ಬಿಡಲಿಲ್ಲ. ಏಳು ವರ್ಷ ಜ್ವಾಪಾನ ಮಾಡೇನಿ.

ನಿನ್ನ ಓದಿಂದೂ ಹಂಗ ಫರೀನ. ಎರಡು ವರ್ಷದ ಓದು ನೀರಾಗ ಹೋಗಬಾರದು ಅಂತ ನಾನ ನಿಮ್ಮಪ್ಪ ಜಹೀರನ ಕೂಡ ವಾದಾ ಹಾಕಿ ಮೂರನೇ ವರ್ಷಕ್ಕ ಕಳಿಸಿದ್ದು. ಮಾಡಿದ್ದನ್ನ ಅಳಸೂದು ನನಗ ಸೇರೂದಿಲ್ಲ.

ನಿನ್ನ ಅಜ್ಜ


14 ಸೆಪ್ಟೆಂಬರ್ 2025

ಅಜ್ಜಾ,

ಇದನ್ನ ಮೇಡಂ ಓದಿಲ್ಲ. ಅಡಗಿಮನ್ಯಾಗಿನ ಕಾಡವ್ವ ಸೆರಗಿನಾಗ ಇಟಗೊಂಡು ಹೋಗಿ ತನ್ನ ಊರು ದೇಗಾಂವದಾಗ ಅಂಚಿಗೆ ಹಾಕತಾಳ.

ನಾ ಆರಾಮ ಇಲ್ಲ.

ಕಿಡಕಿಗೆಲ್ಲಾ ತುದೀತನಾ ಬಿಳಿ ಬಣ್ಣಾ ಹೊಡದಾರ, ರಸ್ತಾ ಕಾಣಬಾರದಂತ. ಲಾರಿ ಹಾರ್ನ್ ಮಾತ್ರ ಕೇಳತೇತಿ. ಪ್ರತಿಯೊಂದೂ ಅಬ್ಬಾನ ಲಾರಿ ಅನಸತೇತಿ. ವಾರಕ್ಕೊಮ್ಮೆ ಟೆಸ್ಟ್, ಬಂದ ನಂಬರಿನ ಪ್ರಕಾರ ಬಾಕಿನ ಮ್ಯಾಲ ಕುಂದರಸ್ತಾರ. ಐದು ವಾರ ಆತು, ನಾ ಕಡೀ ಬಾಕಿನ್ಯಾಗ ಅದೇನಿ. ಹಿಂದ ತಿರಗಿದ್ರ ಗ್ವಾಡಿ.

ಮೂರು ವಾರದಿಂದ ಟೆಸ್ಟಿನ ಉತ್ತರದ ಹಾಳ್ಯಾಗ ಒಂದ ಚುಕ್ಕಿನೂ ತುಂಬಿಲ್ಲ ಅಜ್ಜಾ. ಬರೂದಿಲ್ಲಂತ ಅಲ್ಲ. ಕೆಲವೊಂದು ಬರತಾವು. ಪೆನ್ ಹಿಡದ ಕೈ ಹಾಳಿ ಮ್ಯಾಲ ಇಳಿಯೂದಿಲ್ಲ. ಹಟಾ ಮಾಡತಾಳ ಅಂತ ಬೈತಾರ. ತಲೀಗೂದಲ ಕೈತುಂಬ ಬರತಾವು. ಅನ್ನ ಇಳಿಯೂದಿಲ್ಲ, ಕಾಡವ್ವ ಒಂದು ರೊಟ್ಟಿ ಕದ್ದು ಕೊಟ್ಟು ನಾ ತಿನ್ನೂತನಾ ಎದುರಿಗೆ ನಿಂದರತಾಳ.

ನನಗ ಡಾಕ್ಟರ್ ಆಗೂದು ಬ್ಯಾಡ. ಮೊದಲನೇ ವರ್ಷಾನ ಬ್ಯಾಡಾಗಿತ್ತು. ನೀವು ಅಷ್ಟು ವಾದಾ ಹಾಕೋ ಮುಂದ ಹೇಳಾಕ ಆಗಲಿಲ್ಲ.

ಅಬ್ಬಾನ ಸಹಿ ಇದ್ರ ಬಿಡತಾರಂತ. ನಾ ಹೇಳಿದ್ರ ಓದಾಕ ಕಳ್ಳ ಬೀಳತಾಳ ಅಂತಾನ. ನಿಮ್ಮ ಮಾತು ಕೇಳತಾನ, ನೀವು ಹೇಳ್ರಿ.

ಆ ಫರಿನ್ನ ಏಳು ವರ್ಷ ಉಪ್ಪಿನಾಗ ನಿಂದರಿಸಿದ್ರಲ್ಲ. ಆಕಿನ್ನ ಕೇಳಿದ್ರೇನು?

ಫರೀನ್


ರಾಮದುರ್ಗ
20 ಸೆಪ್ಟೆಂಬರ್ 2025

ಮುದ್ದು ಫರೀನಗ, ದುರ್ಗಾ ಮೇಡಂ ಅವರಿಗೂ ನಮಸ್ಕಾರಗಳು,

ನಿನ್ನ ಪತ್ರ ನಾಕ ಸಲ ಓದಿದೆ. ಅಜ್ಜಿಗೆ ಓದಿ ಹೇಳಲಿಲ್ಲ. ಮನಿ ನೆನಪಾಗೈತಿ ನಿನಗ, ಅಷ್ಟ. ಎಲ್ಲಾರಿಗೂ ಆಗತೇತಿ. ನಾ ಹುಬ್ಬಳ್ಳ್ಯಾಗ ರೇಡಿಯೋ ಕೆಲಸಾ ಕಲಿಯೋ ಮುಂದ ಮೂರು ತಿಂಗಳ ಅತ್ತೇನಿ, ನಾಕನೇ ತಿಂಗಳಿಗೆ ಕೈ ಕುಂತಿತು.

ಕಡೀ ಬಾಕು ಅಂದ್ರ ಏನಾತು? ಒಂದು ಇಲಿ ಹೊಡಿ. ಒಂದು ಚುಕ್ಕಿ ತುಂಬು. ನಾಳೆ ಎರಡು ತುಂಬು. ಬಲಾ ಬಂದ ಬರತೇತಿ. ನಿಮ್ಮಪ್ಪ ಸೂರತ್ ಕಡೆ ಲೋಡ್ ತಗೊಂಡು ಹೋಗ್ಯಾನ, ದಾರಿ ಮ್ಯಾಲ ಇದ್ದಾವಗ ಈ ಸುದ್ದಿ ಹೇಳಿ ಸ್ಟೇರಿಂಗ್ ನಡಗಸೂದು ಬ್ಯಾಡ ಅಂತ ಸುಮ್ಮಾಗೇನಿ. ಬಂದ ಮ್ಯಾಲ ನೋಡೂಣ.

ರೊಟ್ಟಿ ತಿನ್ನು. ಕಾಡವ್ವಗ ನನ್ನ ಸಲಾಮು ಹೇಳು. ನಮ್ಮ ಹುಡುಗಿಗೆ ಕೈಯಾರೆ ರೊಟ್ಟಿ ತಿನಸ್ತಾಳ, ಪತ್ರ ತನ್ನ ಊರತನಾ ಹೊತಗೊಂಡು ಹೋಗಿ ಹಾಕ್ಯಾಳ, ಈ ಕಾಲದಾಗ ಯಾರು ಮಾಡತಾರ? ಆಕಿ ಉಪಕಾರ ನಾ ಮರಿಯೂದಿಲ್ಲ ಅಂತ ಹೇಳು.

ನಿನ್ನ ಅಜ್ಜ


ಕಿತ್ತೂರು
5 ಅಕ್ಟೋಬರ್ 2025

ಪೂಜ್ಯ ಅಜ್ಜನವರಿಗೆ,

ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಹಿಂದಿನ ಪತ್ರವನ್ನು ನಿಯಮ ಮೀರಿ ಕಳುಹಿಸಿದ್ದೆ. ಅದರಲ್ಲಿ ಬರೆದ ವಿಷಯಗಳು ಉತ್ಪ್ರೇಕ್ಷೆಯಿಂದ ಕೂಡಿದ್ದವು. ಅದಕ್ಕಾಗಿ ವಿಷಾದಿಸುತ್ತೇನೆ. ಸಂಸ್ಥೆಯ ಅಧ್ಯಾಪಕರು ನನ್ನ ಬಗ್ಗೆ ವಿಶೇಷ ಕಾಳಜಿ ವಹಿಸುತ್ತಿದ್ದಾರೆ. ಓದಿನ ಕಡೆ ಗಮನ ಕೊಡುವ ಸಲುವಾಗಿ ಇನ್ನು ಮುಂದೆ ಪತ್ರ ಬರೆಯುವುದಿಲ್ಲ. ತಾವೂ ಬರೆಯಬಾರದೆಂದು ವಿನಂತಿ.

ಕಾಡವ್ವ ಎಂಬುವವರು ಈಗ ಅಡುಗೆ ಕೆಲಸದಲ್ಲಿಲ್ಲ.

ಇಂತಿ ತಮ್ಮ ವಿಧೇಯ,
ಫರೀನ್ ಜಹೀರ


ಸವದತ್ತಿ ಬಸ್ ಸ್ಟ್ಯಾಂಡ್
12 ಅಕ್ಟೋಬರ್ 2025, ಐತವಾರ

ಫರೀನ,

ಇದನ್ನ ಅಂಚಿಗೆ ಹಾಕೂದಿಲ್ಲ. ನಿನ್ನ ಕೈಯಾಗ ಕೊಡತೇನಿ. ಎದುರಿಗೆ ನಿಂತ್ರ ನನಗ ಮಾತು ಬರೂದಿಲ್ಲ, ಅದಕ್ಕ ಬರಿಯಾಕ ಹತ್ತೇನಿ. ದೇವಿ ಗುಡ್ಡಕ್ಕಂತ ಉಗರಗೋಳಕ್ಕ ಹೋಗೋ ಮಂದಿ ಸ್ಟ್ಯಾಂಡಿನ ತುಂಬ ತುಂಬೇತಿ, ಬೈಲಹೊಂಗಲದ ಬಸ್ಸಿನ್ನೂ ಬಂದಿಲ್ಲ.

ನಿನ್ನ ಪತ್ರ ಬಂದಾಗ ಖರೆ ಹೇಳತೇನಿ, ಮೊದಲ ಹೆಮ್ಮಿ ಆತು. ಎಂಥಾ ಶುದ್ಧ ಕನ್ನಡ ಬರದಾಳ ನಮ್ಮ ಹುಡುಗಿ ಅಂತ ನಿಜಗುಣಪ್ಪಗ ತೋರಸಾಕ ಹೋದೆ. ಅಂವ ಕತ್ತರಿ ಕೆಳಗಿಟ್ಟು ಓದಿದ. ಓದಿ ನನ್ನ ಮಾರಿ ನೋಡಿದ.

"ಖಾಸಿಮಾ, ಇದನ್ನ ನಿನ್ನ ಮೊಮ್ಮಗಳು ಬರದಿಲ್ಲೋ. ಬಗಲಾಗ ಯಾರೋ ನಿಂತು ಬರಿಸ್ಯಾರ."

"ಅಕ್ಷರ ಆಕಿದ ಐತಲ್ಲ?"

"ಅಕ್ಷರ ಆಕಿದೈತಿ. ನೀ ಏನ ಬರದಿದ್ದಿ ಆಕಿಗೆ?"

ಬರದದ್ದನ್ನ ಹೇಳಿದೆ. ಕಾಡವ್ವಗ ಸಲಾಮು ಹೇಳಿದ್ದು ಹೇಳಿದೆ. ನಿಜಗುಣಪ್ಪ ತಲಿ ಮ್ಯಾಲ ಕೈ ಹೊತ್ತು ಕುಂತ. "ಹುಚ್ಚ ಅದೀಯೇನೋ? ಆಕಿ ಕದ್ದು ಕಳಿಸಿದ ಪತ್ರಕ್ಕ ನೀ ಮುಂದಿನ ಬಾಗಲದಿಂದ ಉಪಕಾರ ಹೇಳಿದಿ?"

ನಾ ಜಲ್ಮಾನಗಟ್ಲೆ ಪತ್ರ ಬರದೇನಿ ಫರೀನ. ಯಾರಿಗೂ ಸಲಾಮು ಹೇಳದ ಮುಗಿಸಿದಾಂವ ಅಲ್ಲ. ಆ ಒಂದು ಸಲಾಮಿಗೆ ಕಾಡವ್ವನ ಕೆಲಸಾ ಹ್ವಾತು, ನಿನಗ ರೊಟ್ಟಿ ಕೊಡೋ ಕೈ ಹ್ವಾತು. ದೇಗಾಂವಕ್ಕ ಹೋಗಿ ಆಕಿ ಮುಂದ ನಿಂದರೂದು ಬಾಕಿ ಐತಿ.

ಇನ್ನೊಂದು ಹೇಳಬೇಕು. ನಿನ್ನ ಕೈ ಇಳಿಯೂದಿಲ್ಲ ಅಂತ ಬರದ ಪತ್ರ ಬಂದ ದಿನದಿಂದ, ಮಾರಿಗೆ ಹೊಡದಂಗ ಆಗಿ, ನಾ ಆ ಉಪ್ಪಿನ ಗಣ್ಯಾಗ ಕುಂತಿದ್ದೆ. ನಾ ಹೇಳಿದ್ದ ಖರೆ ಅಂತ ನಿನಗ ತೋರಸಬೇಕಿತ್ತು. ಫರಿನ್ನ ಆಡಿಸಿದೆ. ಮೂರು ವಾರ, ದಿನಾ, ಅಂಗಡಿ ಗಿರಾಕಿ ಬಿಟ್ಟು ಇಲಿ ಹೊಡದೆ. ಎರಡು ಸಾವಿರಕ್ಕ ಎಣಸೂದು ಬಿಟ್ಟೆ. ಆ ಗಣ್ಯಾಗಿನ ಇಲಿಗೆ ಪಾಯಿಂಟು ಇಲ್ಲ ಫರೀನ. ಮೊದಲ ಮೂವತ್ತಕ್ಕ ಕೊಡತಾವು, ಆಮ್ಯಾಲ ಬರೇ ಸಾಯತಾವು. ಬಲಾ ಏರೂದ ಇಲ್ಲ. ಕಾವಲುಗಾರ ಒಂದ ಏಟಿಗೆ ಕೊಲ್ಲತಾನ, ಮತ್ತ ಅಲ್ಲೇ ಎದ್ದು ನಿಂದರತಾಳ. ಬಡಕೋತಾಳ, ಏಳತಾಳ. ಅಲ್ಲಿಂದ ಹೊರಗ ಬರೋ ದಾರಿ ಆಟ ಮಾಡಿದಾಂವ ಬರದ ಇಲ್ಲ. ಇದನ್ನ ನೀ ಆಗಸ್ಟಿನಾಗ ನನಗ ಬರದು ತಿಳಿಸಿದ್ದಿ, ನಾ ಮೇಡಂ ಅವರ ಪೆನ್ಸಿಲ್ ಗೆರಿ ಸುದ್ದಿಗೆ ನಕ್ಕು ಆ ಮಾತು ಹಾಂಗ ಬಿಟ್ಟೆ.

ಅದನ್ನ ನಾ ಅಳಿಸಿಲ್ಲ. ಅಳಸೂದು ಬಿಡೂದು ನಿನಗ ಬಿಟ್ಟಿದ್ದು. ನಾ ಕೇಳಿರಲಿಲ್ಲ, ಅದು ನನ್ನ ತಪ್ಪು.

ಈಗ ಎಲ್ಲಾಕ್ಕಿಂತ ಹೊಲಸು ಮಾತು. ನಿಮ್ಮಪ್ಪನ ಸಹಿ ಬೇಕು ಅಂತ ನೀ ತಿಳಕೊಂಡೀದಿ. ಸೇರಸೋ ದಿನಾ ಜಹೀರ ಲೋಡ್ ಮ್ಯಾಲ ಇದ್ದ. ಫಾರ್ಮಿನಾಗ ಪಾಲಕರು ಅನ್ನೋ ಜಾಗಾದಾಗ ಇರೋ ಸಹಿ ನಂದು. ನಿನ್ನ ಪತ್ರ ಬಂದ ದಿನಾನ ನಾ ಬಂದು ಕರಕೊಂಡು ಹೋಗಬಹುದಿತ್ತು. ಗೊತ್ತಿದ್ದೂ ಬರಲಿಲ್ಲ. ಜಹೀರನ ಹೆಸರಿನ ಹಿಂದ ಅಡಗಿ ಕುಂತೆ. ನಾ ಹೇಳಿದ್ದ ತಪ್ಪು ಅಂತ ಒಪ್ಪಗೋಬೇಕಾಗತಿತ್ತು, ಅದಕ್ಕ.

ನಿನ್ನೆ ಜಹೀರಗ ಫೋನ್ ಮಾಡಿ ಎಲ್ಲಾ ಹೇಳಿದೆ. ಆಮ್ಯಾಲ, "ಅಬ್ಬಾ, ಕಳಸಾಕ ನೀವ ಜಗಳಾಡಿದ್ರಿ. ಕರಕೊಂಡು ಬರಾಕೂ ನೀವ ಜಗಳಾಡಬೇಕೇನು? ನನಗ ಯಾವಾಗ ಕೇಳತೀರಿ?" ಅಂದ. ಸಿಟ್ಟಿಲೆ ಫೋನಿಟ್ಟ. ಹತ್ತು ನಿಮಿಷಕ್ಕ ತಾನ ಮಾಡಿದ. "ಆಕಿ ಉಣ್ಣಾಕ ಹತ್ತ್ಯಾಳೇನು?" ಅಂದ. ಇವತ್ತ ಮುಂಜಾನೆದ್ದು ಬಸ್ ಹತ್ತಿದೆ.

ಬಸ್ ಬಂತು.


ಕಿತ್ತೂರು, ನಿಮ್ಮ ಹಾಸ್ಟೆಲ್ ಗೇಟು
12 ಅಕ್ಟೋಬರ್, ಮಧ್ಯಾಹ್ನ ಎರಡೂವರಿ

ಫರೀನ,

ಗೇಟಿನ ಮಾಳಪ್ಪನ ಕೈಯಾಗ ಈ ಚೀಟಿ. ಹೊರಗ ಕಟ್ಟಿ ಮ್ಯಾಲ ಕುಂತೇನಿ. ಆಫೀಸಿನಾಗ ಸಹಿ ಮಾಡಿ ಕೊಟ್ಟೆ. ಪರೀಕ್ಷಾ ನಡದೈತಿ, ಮುಗಿಯೂತನಾ ಕರಿಯೂದಿಲ್ಲ ಅಂದ್ರು. ಮುಗದ ಮ್ಯಾಲ ನಿನ್ನ ಕೂಡಿಸಿಕೊಂಡು ಬುದ್ಧಿ ಹೇಳತಾರಂತ, ನಾಳೆ ಬರ್ರಿ ಅಂದ್ರು. ನಾಳೆ ಅಂದ್ರ ನೀ ಮತ್ತ ಶುದ್ಧ ಕನ್ನಡ ಮಾತಾಡತಿ ಅಂತ ನನಗ ಅಂಜಿಕಿ.

ಮಾಳಪ್ಪಗ ನಾಕ ಮಕ್ಕಳಂತ. "ಚೀಟಿ ಒಯ್ತೇನ್ರಿ ಸಾಹೇಬ್ರ, ಹೆಸರ ಮಾತ್ರ ಎಲ್ಲೂ ಹೇಳಬ್ಯಾಡ್ರಿ," ಅಂದ. ಹೇಳಿಬಿಟ್ಟೆ ನೋಡು, ಮತ್ತ. ಓದಿದ ಮ್ಯಾಲ ಈ ಚೀಟಿ ಅವನ ಕೈಯಾಗ ಹೊಳ್ಳಿ ಕೊಡು, ಅಲ್ಲಿ ಬಿಡಬ್ಯಾಡ.

ಈ ಸಲ ಕೇಳತೇನಿ. ಬರತೀಯೇನು? ಬರೂದಿಲ್ಲಂದ್ರೂ ಬೈಯೂದಿಲ್ಲ, ಸುಮ್ನ ಕುಂದರತೇನಿ. ಬರತೀ ಅಂದ್ರ ಟ್ರಂಕು, ಪುಸ್ತಕ, ಹಾಸಿಗಿ ಏನೂ ಬ್ಯಾಡ. ಸಹಿ ಆಗೇತಿ. ಯಾರಿಗೂ ಕೇಳೂದಿಲ್ಲ, ಹೇಳೂದಿಲ್ಲ.

ಅಜ್ಜ


(ಅದೇ ಚೀಟಿಯ ಹಿಂಬದಿ, ಪೆನ್ಸಿಲಿನಲ್ಲಿ)

ಅಜ್ಜಾ,

ಮೇಡಂ ಪರೀಕ್ಷಾ ಖೋಲಿ ಎಡಗಡೆ ಬಾಗಲಕ್ಕ ಕುರ್ಚಿ ಹಾಕ್ಕೊಂಡು ಕುಂತಾರ. ನಮ್ಮ ಚಪ್ಪಲಿ ಎಲ್ಲಾ ಅಲ್ಲೇ ಅದಾವು. ಬಲಗಡೆ ಬಾಗಲಾ ತಗದೈತಿ. ಚಪ್ಪಲಿ ಬಿಟ್ಟು ಬರತೇನಿ. ಅಂಗಳದಾಗ ಚೂಪನ ಖಡಿ ಕಲ್ಲು ಹಾಸ್ಯಾರ, ಸಾವಕಾಶ ನಡೀಬೇಕಾಗತದ.

ಗೇಟಿನ ಹತ್ರ ಎದ್ದು ನಿಂದರ್ರಿ. ಕುಂತ್ರ ನನಗ ಕಾಣೂದಿಲ್ಲ.